ಗ್ರಹವೋ, ಧೂಳಿಯೋ?

ಕಾರ್ತಿಕ ಮಾಸದಲ್ಲಿ, ದೀಪಾವಳಿಯ ಗದ್ದಲವೆಲ್ಲ ಅಡಗಿದ ಮೇಲೆ, ಒಂದು ರಾತ್ರಿ ಎಂಟು ಗಂಟೆಯ ಸುಮಾರಿಗೆ ಮಾಳಿಗೆಯೇರಿ ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತಕ್ಕೂ ನೆತ್ತಿಗೂ ನಡುವೆ ಒಂಟಿಯಾಗಿ ಬೆಳಗುವ ಬಿಳಿಯ ನಕ್ಷತ್ರವೊಂದು ಕಣ್ಣಿಗೆ ಬೀಳುತ್ತದೆ. ಅದರ ಆಸುಪಾಸಿನಲ್ಲಿ ಅಷ್ಟು ಕಾಂತಿಯುಳ್ಳ ಮತ್ತೊಂದು ತಾರೆ ಇಲ್ಲವಾದ್ದರಿಂದ ಗುರುತಿಸುವುದು ಕಷ್ಟವಲ್ಲ. ಅದರ ಹೆಸರು ಫೊಮಲ್‌ಹಾಟ್. ಮೀನಿನ ಬಾಯಿ ಎಂಬರ್ಥದ ಅರಬ್ಬೀ ಮಾತಿನಿಂದ ಬಂದ ಹೆಸರದು. ನಮ್ಮಿಂದ ಅದು 25 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅಂದರೆ ನಾವು ಇಂದು ಕಾಣುವ ಬೆಳಕು ಅಲ್ಲಿಂದ ಹೊರಟು 25 ವರ್ಷಗಳಾಗಿವೆ. ಬರಿಗಣ್ಣಿಗೆ ಅದು ಚುಕ್ಕಿ ಮಾತ್ರ. ಆ ಚುಕ್ಕಿಯ ಸುತ್ತ ಹಬ್ಬಿರುವ ಅಪಾರವಾದ ಧೂಳಿಯಲ್ಲಿ ಒಬ್ಬ ಖಗೋಳ ವಿಜ್ಞಾನಿಗೆ ಗ್ರಹವೊಂದು ದೊರೆತು, ಮುಂದೆ ಅದು ಅವರ ಕೈಜಾರಿದ ವೃತ್ತಾಂತ ಕುತೂಹಲಕರವಾದದ್ದು.

ನಕ್ಷತ್ರಗಳ ಸುತ್ತ ಧೂಳಿ ಇದೆಯೆಂಬುದು ಮೊದಲು ತಿಳಿದದ್ದು ಆಕಸ್ಮಿಕವಾಗಿ. 1983ರ ಜನವರಿಯಲ್ಲಿ ಅಮೆರಿಕ, ನೆದರ್ಲೆಂಡ್ಸ್ ಮತ್ತು ಬ್ರಿಟನ್ ದೇಶಗಳು ಕೂಡಿ ಐರಾಸ್ ಎಂಬ ಉಪಗ್ರಹವನ್ನು ಹಾರಿಸಿದ್ದವು. ಶಾಖವನ್ನು ಹೊತ್ತು ತರುವ ಅವಕೆಂಪು ಕಿರಣಗಳನ್ನು ಅಳೆಯುವುದು ಅದರ ಕೆಲಸ. ಅಳತೆ ಮಾಡುವವನು ಮೊದಲು ತಕ್ಕಡಿಯನ್ನು ಸರಿನೋಡಿಕೊಳ್ಳುವಂತೆ, ವಿಜ್ಞಾನಿಗಳು ಚೆನ್ನಾಗಿ ಪರಿಚಿತವಾದ ಅಭಿಜಿತ್ ನಕ್ಷತ್ರದ ಕಡೆಗೆ ಉಪಕರಣವನ್ನು ತಿರುಗಿಸಿದರು. ಇರಬೇಕಾದದ್ದಕ್ಕಿಂತ ಹೆಚ್ಚು ಶಾಖ ಅಲ್ಲಿಂದ ಬರುತ್ತಿತ್ತು. ಔಮನ್ ಮತ್ತು ಜಿಲೆಟ್ ಎಂಬ ವಿಜ್ಞಾನಿಗಳು ಇದು ಉಪಕರಣದ ದೋಷವಲ್ಲವೆಂದು ಖಚಿತಪಡಿಸಿಕೊಂಡರು. ನಕ್ಷತ್ರವನ್ನು ಸುತ್ತುವರಿದ ಧೂಳಿ ಅದರ ಬೆಳಕಿಗೆ ಕಾದು ಈ ಶಾಖವನ್ನು ಹೊರಸೂಸುತ್ತಿತ್ತು. ಫೊಮಲ್‌ಹಾಟ್ ಮೊದಲಾದ ಇನ್ನು ಕೆಲವು ತಾರೆಗಳಲ್ಲಿಯೂ ಇದೇ ಲಕ್ಷಣ ಕಂಡುಬಂದಿತು. ಮರುವರ್ಷ, 1984ರಲ್ಲಿ, ಸ್ಮಿತ್ ಮತ್ತು ಟೆರ್ರಿಲ್ ಎಂಬವರು ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಿಂದ ಬೀಟಾ ಪಿಕ್ಟೋರಿಸ್ ನಕ್ಷತ್ರದ ಸುತ್ತಣ ಧೂಳಿಯ ತಟ್ಟೆಯ ಚಿತ್ರವನ್ನೇ ತೆಗೆದರು. ಎದುರಿನಿಂದ ಬರುವ ಮೋಟಾರಿನ ದೀಪಕ್ಕೆ ಅಂಗೈ ಅಡ್ಡ ಹಿಡಿದು ದಾರಿ ನೋಡುವ ಉಪಾಯವೇ ಇಲ್ಲಿಯದೂ: ದೂರದರ್ಶಕದೊಳಗೆ ಪುಟ್ಟ ಮರೆಯೊಂದನ್ನಿಟ್ಟು ನಕ್ಷತ್ರವನ್ನು ಮುಚ್ಚಿದರೆ, ಅದರ ಪಕ್ಕದ ಮಂದವಾದ ವಸ್ತು ಕಾಣಿಸುತ್ತದೆ.

ಧೂಳಿಗೇಕೆ ಇಷ್ಟು ಮಹತ್ವವೆಂದು ಓದುಗರು ಕೇಳಬಹುದು. ಕಣದಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮೊರದಿಂದ ಸುರಿದ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ಗಾಳಿಗೆ ಹಾರಿ ದೂರ ಹೋಗುತ್ತದೆ. ಬೆಳಕಿಗೂ ಗಾಳಿಯಂತೆ ನೂಕುವ ಬಲವಿದೆ, ಅತ್ಯಲ್ಪವಾದರೂ ಇದೆ. ಉಜ್ಜ್ವಲವಾದ ನಕ್ಷತ್ರದ ಬೆಳಕು ಅತಿಸೂಕ್ಷ್ಮ ಕಣಗಳನ್ನು ಹೊರಕ್ಕೆ ತಳ್ಳಿಬಿಡುತ್ತದೆ. ಸ್ವಲ್ಪ ದಪ್ಪನೆಯ ಕಣಗಳು ಅದೇ ಬೆಳಕಿನ ತಡೆಯಿಂದ ವೇಗ ಕಳೆದುಕೊಂಡು, ಸುತ್ತುತ್ತ ಸುತ್ತುತ್ತ ನಕ್ಷತ್ರದತ್ತ ಸರಿಯುತ್ತವೆ. ಅಂತೂ ಧೂಳಿ ನಿಲ್ಲುವಂಥದ್ದಲ್ಲ. ಫೊಮಲ್‌ಹಾಟ್‌ನ ವಯಸ್ಸಾದರೋ ಸುಮಾರು 44 ಕೋಟಿ ವರ್ಷ. ಅದು ಹುಟ್ಟಿದಾಗಿನ ಧೂಳಿ ಎಂದೋ ಬಯಲಾಗಿರಬೇಕಿತ್ತು. ಹಾಗಿದ್ದೂ ಇಂದು ಅಲ್ಲಿ ಧೂಳಿ ಕಾಣುತ್ತಿದೆಯೆಂದರೆ ಅದು ಹೊಸ ಧೂಳಿ. ಕ್ಷುದ್ರಗ್ರಹ, ಧೂಮಕೇತುಗಳಂಥ ಕಾಯಗಳು ಒಂದಕ್ಕೊಂದು ಬಡಿದು ಪುಡಿಯಾಗುತ್ತಿರುವುದರಿಂದ ಉಂಟಾದದ್ದು. ಗ್ರಹಗಳನ್ನು ಕಟ್ಟಿ ಮಿಕ್ಕ ಸಾಮಗ್ರಿಯಿದು. ನಮ್ಮ ಸೌರಮಂಡಲವೂ ಇದಕ್ಕೆ ಹೊರತಲ್ಲ. ಆಶ್ವಯುಜದ ಬೆಳದಿಂಗಳಿಲ್ಲದ ನಸುಕಿನಲ್ಲಿ, ಊರ ದೀಪಗಳಿಂದ ದೂರದ ಹೊಲದಲ್ಲಿ ನಿಂತರೆ, ಅರುಣೋದಯಕ್ಕೆ ಮುಂಚೆ ಮೂಡಣದಲ್ಲಿ ಗೋಪುರದಂತೆ ಮೇಲೇರಿದ ಮಸುಕು ಬೆಳಕೊಂದು ಕಾಣುತ್ತದೆ. ಬೆಳಗಾಯಿತೆಂದು ಭ್ರಮೆ ಹುಟ್ಟಿಸುವ ಆ ಬೆಳಕು ಸೂರ್ಯನ ಸುತ್ತ ಹಬ್ಬಿದ ಧೂಳಿಯದೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಪಾಲ್ ಕಲಾಸ್ ಇಂಥ ಧೂಳಿಯ ತಟ್ಟೆಗಳ ಅಧ್ಯಯನಕ್ಕೆ ತಮ್ಮನ್ನು ತೆತ್ತುಕೊಂಡವರು. 2004ರಲ್ಲಿ ಅವರೂ ಅವರ ಸಂಗಡಿಗರೂ ಎಯು ಮೈಕ್ರೊಸ್ಕೋಪಿ ಎಂಬ ಕೆಂಪು ಕುಬ್ಜ ತಾರೆಯ ತಟ್ಟೆಯನ್ನು ಪತ್ತೆಮಾಡಿದರು. 2005ರಲ್ಲಿ ಹಬಲ್ ದೂರದರ್ಶಕದಿಂದ ತೆಗೆದ ಫೊಮಲ್‌ಹಾಟ್‌ನ ಚಿತ್ರವನ್ನು ಪ್ರಕಟಿಸಿದರು. ಅದರಲ್ಲಿ ಧೂಳಿ ಚೊಕ್ಕಟವಾದ ಬಳೆಯಂತೆ ನಕ್ಷತ್ರವನ್ನು ಬಳಸಿತ್ತು. ವಿಚಿತ್ರವೆಂದರೆ ನಕ್ಷತ್ರ ಆ ಬಳೆಯ ನಡುಮಧ್ಯದಲ್ಲಿ ಇರಲಿಲ್ಲ. ಭೂಮಿಗೂ ಸೂರ್ಯನಿಗೂ ಇರುವ ದೂರದ 15 ಪಟ್ಟು ಅತ್ತ ಸರಿದಿತ್ತು. ಕಾಣದ ಗ್ರಹವೊಂದು ತನ್ನ ಸೆಳೆತದಿಂದ ಬಳೆಯನ್ನು ಓರೆಮಾಡಿರಬೇಕೆಂದು ಊಹಿಸಲಾಯಿತು.

ಊಹೆ ನಿಜವಾದಂತೆಯೇ ತೋರಿತು. 2004 ಮತ್ತು 2006ರ ಚಿತ್ರಗಳನ್ನು ಹೋಲಿಸಿದಾಗ ಬಳೆಯ ಒಳಗಡೆ ಚುಕ್ಕಿಯೊಂದು ಸ್ಥಳ ಬದಲಿಸಿದ್ದು ಕಂಡಿತು. ನಕ್ಷತ್ರಕ್ಕಿಂತ ನೂರು ಕೋಟಿ ಪಟ್ಟು ಮಂದವಾದ ಚುಕ್ಕಿ! 2008ರ ನವೆಂಬರಿನಲ್ಲಿ ಕಲಾಸ್ ಅದನ್ನು ಗ್ರಹವೆಂದು ಸಾರಿದರು. ಬೇರೊಂದು ಸೂರ್ಯನ ಗ್ರಹವನ್ನು ಮಾಮೂಲು ಬೆಳಕಿನಲ್ಲಿ ಕಣ್ಣಾರೆ ಕಂಡ ಮೊದಲ ಪ್ರಸಂಗವೆಂದು ಜಗತ್ತು ಕೊಂಡಾಡಿತು. 2015ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದಕ್ಕೆ ಡಾಗೊನ್ ಎಂದು ನಾಮಕರಣವನ್ನೂ ಮಾಡಿತು.

ಆದರೆ ಸಂದೇಹ ಮೊದಲಿನಿಂದಲೂ ಇತ್ತು. ದೊಡ್ಡ ಗ್ರಹವಾದರೆ ಒಡಲ ಶಾಖದಿಂದ ಅವಕೆಂಪು ಕಿರಣಗಳಲ್ಲಿ ಕಾಣಬೇಕು. ಎಷ್ಟು ಹುಡುಕಿದರೂ ಕಾಣಲಿಲ್ಲ. 2020ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಆಂದ್ರಾಸ್ ಗಾಸ್ಪಾರ್ ಮತ್ತು ಜಾರ್ಜ್ ರೀಕೆ, ಹಬಲ್‌ನ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಚುಕ್ಕಿ ವರ್ಷದಿಂದ ವರ್ಷಕ್ಕೆ ಹರಡುತ್ತ, ಮಂಕಾಗುತ್ತ ಬಂದು, 2014ರ ವೇಳೆಗೆ ಇಲ್ಲವಾಗಿತ್ತು. ಗ್ರಹ ಹಾಗೆ ಕರಗಿಹೋಗದು. ಸುಮಾರು 200 ಕಿಲೋಮೀಟರ್ ಅಡ್ಡಗಲದ ಎರಡು ಕಾಯಗಳು ಡಿಕ್ಕಿ ಹೊಡೆದು ಎದ್ದ ಧೂಳಿಯ ಮೋಡವದು ಎಂದು ಅವರು ತೀರ್ಮಾನಿಸಿದರು. ನಾಮಕರಣವಾದ ವರ್ಷ ಆ ಗ್ರಹ ಆಗಲೇ ಕಣ್ಮರೆಯಾಗಿತ್ತೆಂಬುದು ನೆನೆದರೆ ನಗು ತರಿಸುವ ಸಂಗತಿ. ಆದರೆ ಹೆಸರಿಟ್ಟು ಸಾರಿದ ಗ್ರಹ ಲೋಕದೆದುರಿನಲ್ಲಿ ಹೊಗೆಯಾಗಿ ಹೋಗುವುದು ಸಂಶೋಧಕನಿಗೆ ಸಣ್ಣ ಪೆಟ್ಟಲ್ಲ.

ಕಲಾಸ್ ಆ ನಕ್ಷತ್ರವನ್ನು ಕೈಬಿಡಲಿಲ್ಲ. 2023ರಲ್ಲಿ ಹಬಲ್ ಮತ್ತೆ ಫೊಮಲ್‌ಹಾಟ್‌ನತ್ತ ನೋಡಿದಾಗ ಹಳೆಯ ಚುಕ್ಕಿ ಇರಲಿಲ್ಲ. ಅದಕ್ಕೆ ಬದಲಾಗಿ, ಬಳೆಯ ಬಳಿ, ಹಿಂದೆಂದೂ ಇರದಿದ್ದ ಹೊಸ ಚುಕ್ಕಿಯೊಂದು ಮೂಡಿತ್ತು. 2025ರ ಡಿಸೆಂಬರಿನಲ್ಲಿ ಅವರೂ ಅವರ ತಂಡದವರೂ ಇದನ್ನು ಪ್ರಕಟಿಸಿದರು. ಈ ಬಾರಿ ಗ್ರಹವೆನ್ನಲಿಲ್ಲ. ಇದು ಮತ್ತೊಂದು ಡಿಕ್ಕಿಯಿಂದೆದ್ದ ಧೂಳಿ, ಮೊದಲಿನದೂ ಅದೇ ಬಗೆಯದು ಎಂದು ತಾವೇ ಬರೆದರು. ಇಂಥ ದೊಡ್ಡ ಡಿಕ್ಕಿ ಲಕ್ಷ ವರ್ಷಕ್ಕೊಮ್ಮೆ ನಡೆದರೆ ಹೆಚ್ಚೆಂದು ಗಣಿತ ಹೇಳುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಎರಡು ಕಂಡವು, ಅದೂ ಅಕ್ಕಪಕ್ಕದಲ್ಲಿ. ಇದೇಕೆಂಬುದು ಬಿಡಿಸಬೇಕಾದ ಒಗಟು. ಗ್ರಹವೊಂದು ದೊರೆತಿದ್ದರೆ ತಿಳಿಯಬಹುದಾಗಿದ್ದಕ್ಕಿಂತ ಈ ಧೂಳಿಯಿಂದ ತಿಳಿಯುವುದೇ ಹೆಚ್ಚೆಂದು ನಮಗೆ ತೋರುತ್ತದೆ. ಭೂಮಿಯಂಥ ಲೋಕಗಳು ಹೇಗೆ ಕೂಡಿಕೊಂಡವು, ಹೇಗೆ ಒಡೆದವು ಎಂಬುದನ್ನು ಇದುವರೆಗೆ ಲೆಕ್ಕದಲ್ಲಿ ಊಹಿಸಬೇಕಿತ್ತು. ಇಲ್ಲಿ ಅದು ಕಣ್ಣೆದುರಿಗೆ ನಡೆಯುತ್ತಿದೆ.

ಜೇಮ್ಸ್ ವೆಬ್ ದೂರದರ್ಶಕ ಅಲ್ಲಿ ಒಂದಲ್ಲ, ಒಂದರೊಳಗೊಂದರಂತೆ ಮೂರು ಪಟ್ಟಿಗಳಿವೆಯೆಂದು 2023ರಲ್ಲಿ ತೋರಿಸಿಕೊಟ್ಟಿದೆ. ಅವುಗಳನ್ನು ಹಾಗೆ ಬೇರೆ ಬೇರೆಯಾಗಿ ಹಿಡಿದಿಟ್ಟಿರುವ ಗ್ರಹಗಳು ಇನ್ನೂ ಕಂಡಿಲ್ಲ. ಹೊಸ ಚುಕ್ಕಿ ಹರಡುವುದೋ, ಮಂಕಾಗುವುದೋ, ಬಳೆಯೊಡನೆ ಸುತ್ತುವುದೋ ಎಂದು ಹಬಲ್ ಮತ್ತು ವೆಬ್ ಎರಡರಿಂದಲೂ ಕಾದು ನೋಡಲು ಕಲಾಸ್ ಅವರ ತಂಡ ಸಿದ್ಧವಾಗಿದೆ.