‘ಸಂಕಟ’ಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ? ಲಿವರ್ ಕ್ಯಾನ್ಸರ್ ಜೊತೆಗಿನ ಬದುಕು

ಇವತ್ತಿನ ವಿಷಯ ಸ್ವಲ್ಪ ಭಾರದ್ದು: ಮುಂದುವರಿದ ಹಂತದ ಲಿವರ್ ಕ್ಯಾನ್ಸರ್. ಅಂದ್ರೆ ಆಪರೇಷನ್ ಮಾಡಿ ತೆಗೆಯೋಕೆ ಆಗದ, ಲಿವರ್ ಕಸಿಗೂ ಹೊಂದದ ಹಂತ. ಈ ಕಾಯಿಲೆ ಇಟ್ಟುಕೊಂಡು ದಿನ ಕಳೆಯೋದು ಹೇಗಿರುತ್ತೆ ಅಂತ ನೋಡೋಣ. ನಮ್ಮ ಮನಸ್ಸಿನಲ್ಲಿರೋದು ಸಿಡ್ನಿಯ ಪರಮಟ್ಟಾ, ಮೆಲ್ಬರ್ನ್‌ನ ಟಾರ್ನೀಟ್ ಕಡೆ ಮಕ್ಕಳ ಮನೆಯಲ್ಲಿರುವ ನಮ್ಮ ಹಿರಿಯರು.

ಮೊದಲು ಒಂದು ವಿಷಯ ತಿಳಿದಿರಬೇಕು. ಲಿವರ್ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರಿಗೆ ಇರೋದು ಒಂದಲ್ಲ, ಎರಡು ಕಾಯಿಲೆ. ಗಡ್ಡೆ ಒಂದು, ಅದಕ್ಕೂ ಮೊದಲೇ ಗಟ್ಟಿಯಾಗಿ ಕಲೆಗಟ್ಟಿದ ಲಿವರ್, ಅಂದ್ರೆ ಸಿರೋಸಿಸ್, ಇನ್ನೊಂದು. ಸುಸ್ತು, ಹೊಟ್ಟೆಯಲ್ಲಿ ನೀರು ತುಂಬೋ ಜಲೋದರ, ಮೈ ತುರಿಕೆ, ಇವೆಲ್ಲ ಎಷ್ಟೋ ಸಲ ಎರಡನೆಯದರ ಕೊಡುಗೆ. ಲಿವರ್‌ನ ಒಳಭಾಗಕ್ಕೆ ನೋವು ಗೊತ್ತಾಗಲ್ಲ, ಮೇಲಿನ ಪೊರೆಗೆ ಮಾತ್ರ ಗೊತ್ತಾಗೋದು. ಆ ನೋವು ಕೆಲವರಿಗೆ ಬಲ ಭುಜದಲ್ಲಿ ಕಾಣಿಸುತ್ತೆ. ಭುಜಕ್ಕೆ ಎಣ್ಣೆ ತಿಕ್ಕಿದರೆ ಹೋಗೋ ನೋವಲ್ಲ ಅದು.

ಇನ್ನು ಜನರ ಬಾಯಿ. ಲಿವರ್ ಅಂದ ತಕ್ಷಣ ‘ಕುಡೀತಿದ್ರಾ?’ ಅನ್ನೋ ಪ್ರಶ್ನೆ. ಜೀವಮಾನದಲ್ಲಿ ಒಂದು ಹನಿ ಮುಟ್ಟದವರೂ ಈ ನೋಟ ಎದುರಿಸಬೇಕು. ಹೆಪಟೈಟಿಸ್ ಬಿ, ಸಿ, ಸಕ್ಕರೆ ಕಾಯಿಲೆ ಜೊತೆಗೆ ಬರೋ ಫ್ಯಾಟಿ ಲಿವರ್, ಇವೂ ಕಾರಣಗಳೇ. ಹೆಪಟೈಟಿಸ್ ಬಿ ಎಷ್ಟೋ ಸಲ ಹುಟ್ಟುವಾಗಲೇ ತಾಯಿಯಿಂದ ಬಂದಿರುತ್ತೆ. ಆಸ್ಟ್ರೇಲಿಯಾದಲ್ಲಿ ಅದು ದೀರ್ಘಕಾಲ ಇರುವವರಲ್ಲಿ ಹೆಚ್ಚಿನವರು ಬೇರೆ ದೇಶಗಳಲ್ಲಿ ಹುಟ್ಟಿದವರು. ಈ ವೈರಸ್‌ನ ಗುರುತು ಮೊದಲು ಸಿಕ್ಕಾಗ ಅದಕ್ಕೆ ಇಟ್ಟ ಹೆಸರೇ ‘ಆಸ್ಟ್ರೇಲಿಯಾ ಆಂಟಿಜೆನ್’. 1960ರ ದಶಕದಲ್ಲಿ ಅಮೆರಿಕದ ಬರೂಕ್ ಬ್ಲಂಬರ್ಗ್ ಅದನ್ನ ಕಂಡಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. 1976ರಲ್ಲಿ ಅವರಿಗೆ ನೊಬೆಲ್ ಬಂತು. ಮನೆಯಲ್ಲಿ ಒಬ್ಬರಿಗೆ ಈ ವೈರಸ್ ಇದ್ದರೆ ಒಡಹುಟ್ಟಿದವರು, ಮಕ್ಕಳು ಇವತ್ತಿಗೂ ಮಾಡಿಸಬೇಕಾದ ರಕ್ತಪರೀಕ್ಷೆ ಹುಡುಕೋದು ಅದೇ ಆಂಟಿಜೆನ್ನನ್ನ.

ಚಿಕಿತ್ಸೆ ಸುಧಾರಿಸಿದೆ, ಅದು ನಿಜ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೊರಾಫೆನಿಬ್ ಮಾತ್ರೆ ತಗೊಂಡವರ ಬದುಕಿನ ಮಧ್ಯಬಿಂದು 10.7 ತಿಂಗಳು, ತಗೊಳ್ಳದವರದು 7.9. ಆಮೇಲೆ ಅಟೆಜೊಲಿಝುಮ್ಯಾಬ್, ಬೆವಾಸಿಝುಮ್ಯಾಬ್ ಅನ್ನೋ ಜೋಡಿ ಡ್ರಿಪ್ ಬಂತು, ಮೂರು ವಾರಕ್ಕೊಮ್ಮೆ. ಅದರಲ್ಲಿ 19.2 ತಿಂಗಳು. ಮಧ್ಯಬಿಂದು ಅಂದ್ರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದ್ದಾರೆ ಅಂತ, ಅದು ಯಾರ ಹಣೆಬರಹವೂ ಅಲ್ಲ. ಆದರೆ ಆ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದ್ದವರನ್ನ, ಇದನ್ನ ಹೇಳದೇ ಬಿಡೋ ಹಾಗಿಲ್ಲ. ಈ ಔಷಧಿಗಳಿಗೆ ಸರ್ಕಾರದ ಪಿಬಿಎಸ್ ಸಬ್ಸಿಡಿ ಇದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೆ ಮಾತ್ರ ಮೆಡಿಕೇರ್ ಇಲ್ಲ, ಪಿಬಿಎಸ್ಸೂ ಇಲ್ಲ.

ಇನ್ನು ಮನೆಯವರು ಗಮನಿಸಲೇಬೇಕಾದ ಒಂದು ಬದಲಾವಣೆ. ರಾತ್ರಿ ಎಚ್ಚರ, ಹಗಲು ನಿದ್ದೆ, ಮಾತು ತಡವರಿಕೆ, ಗೊತ್ತಿರೋ ಹೆಸರು ಮರೆತುಹೋಗೋದು. ‘ವಯಸ್ಸಾಯ್ತು, ಅರಳು ಮರಳು’ ಅಂತ ಮನೆಯವರು ಸುಮ್ಮನಾಗ್ತಾರೆ. ಅದು ಅರಳು ಮರಳು ಅಲ್ಲದೇ ಇರಬಹುದು. ಕರುಳಿನಲ್ಲಿ ಹುಟ್ಟೋ ಅಮೋನಿಯಾದಂಥ ವಸ್ತುಗಳನ್ನ ಲಿವರ್ ತೆಗೆಯದೇ ಹೋದಾಗ ಅವು ಮೆದುಳನ್ನ ಮಂಕು ಮಾಡುತ್ತವೆ. ಲ್ಯಾಕ್ಟುಲೋಸ್ ಅನ್ನೋ ಸಿಹಿ ಸಿರಪ್ ಕೊಟ್ಟು ದಿನಕ್ಕೆ ಎರಡು ಮೂರು ಸಲ ಸಲೀಸಾಗಿ ಹೊಟ್ಟೆ ಖಾಲಿಯಾಗೋ ಹಾಗೆ ನೋಡಿಕೊಂಡರೆ ಎಷ್ಟೋ ಜನ ತಿಳಿಯಾಗ್ತಾರೆ. ಅಲ್ಲಿವರೆಗೂ ಕಾರು ಓಡಿಸೋದು ಬೇಡ.

ನಮ್ಮ ಮನೆಗಳ ಪಥ್ಯದ ಬಗ್ಗೆಯೂ ಹೇಳಬೇಕು. ಬೇಳೆ ಬೇಡ, ಮೊಸರು ಬೇಡ, ಬರೀ ಗಂಜಿ ಅಂತ ಪ್ರೀತಿಯಿಂದಲೇ ಉಪವಾಸ ಕೆಡವೋದು! ಲಿವರ್ ಸೋತವರಿಗೆ ಮಾಂಸಖಂಡ ಬೇಗ ಕರಗುತ್ತೆ, ಪ್ರೋಟೀನ್ ಬೇಕೇ ಬೇಕು. ಮಲಗೋ ಮುಂಚೆ ಏನಾದರೂ ಸ್ವಲ್ಪ ತಿನ್ನೋದು ಒಳ್ಳೇದು. ಜಲೋದರ ಇದ್ದರೆ ಕಡಿಮೆ ಮಾಡಬೇಕಾಗಿರೋದು ಉಪ್ಪು, ಅಂದ್ರೆ ಉಪ್ಪಿನಕಾಯಿ, ಹಪ್ಪಳ. ಕಾಮಾಲೆಗೆ ನೆಲನೆಲ್ಲಿ ಅನ್ನೋದು ನಮ್ಮಲ್ಲಿ ಹಳೇ ಮಾತು. ಅದೇ ಬ್ಲಂಬರ್ಗ್ ಮದ್ರಾಸಿನ ವಿಜ್ಞಾನಿಗಳ ಜೊತೆ ನೆಲನೆಲ್ಲಿ ಪರೀಕ್ಷಿಸಿ 1988ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟಿಸಿದ್ದರು. ಮುಂದಿನ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ಮುಂಬೈಯಿಂದ ವರದಿಯಾಗಿವೆ. ಊರಿಂದ ಬಂದ ಕಷಾಯ ಏನೇ ಕುಡೀತಿದ್ದರೂ ಡಾಕ್ಟರಿಗೆ ಹೇಳಿಬಿಡಿ.

ಹೇಳೋದಾದರೂ ಹೇಗೆ? ‘ಸಂಕಟ ಆಗ್ತಿದೆ ಕಣೋ’ ಅಂತ ಅಮ್ಮ ಅಂದರೆ ಮಗ ಅದನ್ನ ಇಂಗ್ಲಿಷ್‌ನಲ್ಲಿ ‘ನೋವು’ ಅಂತಾನೆ. ಅಮ್ಮ ಹೇಳಿದ್ದು ವಾಕರಿಕೆಯೋ, ಉಸಿರುಕಟ್ಟೋದೋ, ಮನಸ್ಸಿನ ಕಳವಳವೋ? ಆ ಕಡೆಯಿಂದ ಡಾಕ್ಟರ್ ಹೇಳಿದ ಕೆಟ್ಟ ಸುದ್ದಿಯೂ ಮಗನ ಬಾಯಲ್ಲಿ ಸೋಸಿಕೊಂಡೇ ಬರುತ್ತೆ. ಮಗನ ತಪ್ಪಲ್ಲ, ಅವನಿಗೂ ಅದು ಅಮ್ಮ. ಕೊನೆಗೆ ತನ್ನ ಕಾಯಿಲೆ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ತಿಳಿದವಳು ಅಮ್ಮನೇ ಆಗಿರ್ತಾಳೆ. ಸರ್ಕಾರಿ ಆಸ್ಪತ್ರೆಗಳಲ್ಲಿ ದುಭಾಷಿಗೆ ರೋಗಿ ದುಡ್ಡು ಕೊಡಬೇಕಿಲ್ಲ. ಅಪಾಯಿಂಟ್‌ಮೆಂಟ್ ಕೊಡುವಾಗಲೇ ‘ಕನ್ನಡ’ ಅಂತ ಬರೆಸಿ. ಫೋನ್ ದುಭಾಷಿ ಸೇವೆ 131 450, ಕ್ಯಾನ್ಸರ್ ಕೌನ್ಸಿಲ್ 13 11 20.

ದುಭಾಷಿ ಇದ್ದಾಗ ಕೇಳಬೇಕಾದ ಒಂದು ಪ್ರಶ್ನೆ ಪ್ಯಾಲಿಯೇಟಿವ್ ಕೇರ್ ಬಗ್ಗೆ. ಅದು ಕೈಚೆಲ್ಲಿದ ಮೇಲಿನ ವ್ಯವಸ್ಥೆ ಅಂತ ನಮ್ಮವರು ಹೆದರ್ತಾರೆ. 2010ರಲ್ಲಿ ಬಾಸ್ಟನ್‌ನಲ್ಲಿ 151 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಚಿಕಿತ್ಸೆ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಾಗಿದ್ದರು, ಹೆಚ್ಚು ದಿನ ಬದುಕಿದರು ಕೂಡ. ಲಿವರ್ ಕ್ಯಾನ್ಸರ್‌ನಲ್ಲೂ ಹೀಗೇ ಆಗುತ್ತೆ ಅಂತ ಇದರಿಂದ ಹೇಳೋಕಾಗಲ್ಲ. ಆದರೆ ಹೊಟ್ಟೆಯ ನೀರು, ತುರಿಕೆ, ನಿದ್ದೆ, ಭಯ ಇವನ್ನೆಲ್ಲ ಕೂತು ಕೇಳಿಸಿಕೊಳ್ಳೋಕೆ ಇರುವ ತಂಡ ಇದು. ಡ್ರಿಪ್ ನಡೀತಿರುವಾಗಲೇ ಅವರನ್ನ ಭೇಟಿ ಮಾಡಬಹುದು.