ತಾಯ್ನುಡಿಯಲ್ಲಿ ಕತ್ತಲೆಯ ಹಾಡು

'ಬ್ಲ್ಯಾಕ್ ಮೆಟಲ್' ಎಂಬ ಸಂಗೀತವನ್ನು ಮೊದಲ ಸಲ ಕೇಳಿದವರು ಯಂತ್ರವೇ ಕೆಟ್ಟಿರಬೇಕೆಂದು ತಿಳಿಯುವುದುಂಟು. ಗಿಟಾರಿನ ತಂತಿಯನ್ನು ಒಂದೇ ಸಮನೆ ಅತಿವೇಗವಾಗಿ ಮೀಟುವುದರಿಂದ ಏಳುವ, ಮಳೆಗಾಲದ ಜೀರುಂಡೆಗಳ ಹಿಂಡಿನಂಥ ಸದ್ದು. ಅದರ ಹಿಂದೆ ಬಿಡುವಿಲ್ಲದ ಡ್ರಮ್. ಮೇಲೆ ಹಾಡೆನ್ನಲಾಗದ ಒಂದು ಚೀರಾಟ. ಮಾತು ಇಂಗ್ಲಿಷಿನದೋ ಬೇರೆ ಭಾಷೆಯದೋ ಎಂಬುದು ಎಷ್ಟೋ ಸಲ ಕೇಳುವವರಿಗೆ ತಿಳಿಯುವುದಿಲ್ಲ. ಹೀಗಿರುವಾಗ ಯಾವ ಭಾಷೆಯಲ್ಲಿ ಹಾಡಿದರೇನು ಎಂದು ಕೇಳಬಹುದು. ಪೋಲೆಂಡಿನ 'ಫೂರ್ಯಾ' ಎಂಬ ತಂಡ ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ನೇಮ, ಕೋಲ, ಪಾಡ್ದನಗಳ ನಡುವೆ ಬಾಳುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನರಿಗೆ ಅಷ್ಟೇನೂ ದೂರದ್ದಲ್ಲ.

ಈ ಸಂಗೀತಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನ 'ವೆನಮ್' ತಂಡ 1982ರಲ್ಲಿ ಹೊರತಂದ ಧ್ವನಿಮುದ್ರಿಕೆಯೊಂದರಿಂದ. ಅದು ಪಂಥವಾಗಿ ಬೆಳೆದದ್ದು 1990ರ ದಶಕದ ಮೊದಲ ವರ್ಷಗಳಲ್ಲಿ, ನಾರ್ವೆಯಲ್ಲಿ. ಮುಖಕ್ಕೆ ಹೆಣದಂತೆ ಬಿಳಿ ಕಪ್ಪು ಬಣ್ಣ, ಸ್ವಂತ ಹೆಸರಿನ ಬದಲು ಗುಪ್ತನಾಮ, ಕ್ರೈಸ್ತಧರ್ಮದ ಮೇಲೆ ಹಗೆ, ಸೈತಾನನ ಸ್ತುತಿ - ಇವು ಅದರ ಮಡಿ. ಕೆಲವು ತರುಣರು ಹಾಡಿನಲ್ಲಿಯೇ ನಿಲ್ಲಲಿಲ್ಲ. 1992ರಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್‌ನ ಹಳೆಯ ಮರದ ಇಗರ್ಜಿ ಸುಟ್ಟುಹೋಯಿತು. ಮುಂದಿನ ವರ್ಷ ಒಬ್ಬ ವಾದಕನನ್ನು ಇನ್ನೊಬ್ಬ ಇರಿದು ಕೊಂದ. ಈ ಸಂಗೀತದ ಅಪಕೀರ್ತಿ ಬಹುಪಾಲು ಆ ಎರಡು ವರ್ಷಗಳ ಗಳಿಕೆ.

ಪೋಲೆಂಡು ಗಾಢವಾಗಿ ಕ್ಯಾಥೊಲಿಕ್ ಆದ ದೇಶ. ಅಲ್ಲಿಂದ ಹೊರಟು ಜಗತ್ತಿನಲ್ಲಿ ಹೆಸರು ಮಾಡಿದ ವೇಡರ್, ಬೆಹೆಮೊತ್ ಮುಂತಾದ ತಂಡಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಹಾಡಿದವು. ಮಾರುಕಟ್ಟೆಯ ಲೆಕ್ಕದಲ್ಲಿ ಅದು ಸರಿಯಾದದ್ದೇ. ಫೂರ್ಯಾ ಹುಟ್ಟಿದ್ದು 2003ರಲ್ಲಿ, ಕಲ್ಲಿದ್ದಲು ಗಣಿಗಳ ಸೈಲೀಸಿಯಾ ಪ್ರಾಂತ್ಯದ ಕಾತೊವಿತ್ಸೆ ನಗರದಲ್ಲಿ. ಇವರು ಪೋಲಿಷ್ ಬಿಟ್ಟು ಕದಲಲಿಲ್ಲ. ತಮ್ಮ ಸಂಗೀತವನ್ನು 'ನೆಕ್ರೊಫೋಕ್' ಎಂದು ಕರೆದುಕೊಂಡರು. ಸತ್ತವರ ಜಾನಪದ ಎಂದರೆ ಹೆಚ್ಚುಕಡಿಮೆ ಅರ್ಥ ಬಂದೀತು.

2016ರಲ್ಲಿ ಬಂದ ಅವರ ಧ್ವನಿಮುದ್ರಿಕೆಯ ಹೆಸರು 'ಕ್ಶೆಂಝಿತ್ಸ್ ಮಿಲ್ಚಿ ಲೂತಿ'. ಮೊದಲೆರಡು ಪದಗಳಿಗೆ 'ಚಂದ್ರ ಸುಮ್ಮನಿದ್ದಾನೆ' ಎಂದರ್ಥ. 'ಲೂತಿ' ಎಂದರೆ ಫೆಬ್ರವರಿ ತಿಂಗಳು. ಆದರೆ ಹಳೆಯ ಪೋಲಿಷಿನಲ್ಲಿ ಅದೇ ಪದಕ್ಕೆ ಕ್ರೂರ, ಕೊರೆಯುವಂಥದು ಎಂಬ ಅರ್ಥವಿತ್ತು. ತಿಂಗಳಿಗೆ ಹೆಸರು ಬಂದದ್ದೇ ಆ ಚಳಿಯಿಂದ. ಹಾಗಾಗಿ ಸುಮ್ಮನಿರುವುದು ಫೆಬ್ರವರಿಯ ಚಂದ್ರನೋ ಕಟುಕ ಚಂದ್ರನೋ ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಇಂಗ್ಲಿಷಿಗೆ ತಂದರೆ ಕ್ಯಾಲೆಂಡರಿನ ಒಂದು ಹಾಳೆ ಮಾತ್ರ ಉಳಿಯುತ್ತದೆ. ನಮ್ಮಲ್ಲಿ 'ಆಟಿ' ಎಂದರೆ ಬರಿಯ ಒಂದು ತಿಂಗಳೇ? ಸುರಿಯುವ ಮಳೆ, ಬರಿದಾದ ಕಣಜ, ಹಾಳೆಮರದ ತೊಗಟೆಯ ಕಷಾಯ ಎಲ್ಲವೂ ಅದರೊಳಗೆ ಕೂತಿವೆ. ಅಂಥ ಪದ ಅದು.

ಆ ಮುದ್ರಿಕೆಯ ಆರು ಹಾಡುಗಳಲ್ಲಿ ಮಡಿ ಮೀರಿದ ಜಾಗಗಳು ಬಹಳ. ವೇಗ ಇಳಿಯುತ್ತದೆ, ಗಿಟಾರು ಗದ್ದಲ ಬಿಟ್ಟು ತಿಳಿಯಾಗುತ್ತದೆ, ಎಷ್ಟೋ ಹೊತ್ತು ಮಾತೇ ಇರುವುದಿಲ್ಲ. ಮಾತು ಬಂದಾಗಲೂ ಹಾಡುಗಾರ ಅರಚುವುದಕ್ಕಿಂತ ಜಗಳಕ್ಕೆ ನಿಂತವನಂತೆ ಪದ ಪದ ಬಿಡಿಸಿ ಆಡುತ್ತಾನೆ. ಈ ಪಂಥದ ಕಟ್ಟಾ ಅಭಿಮಾನಿಗೆ ಇದು ಕುಲಗೆಟ್ಟಂತೆ ತೋರಿದರೆ ಆಶ್ಚರ್ಯವಿಲ್ಲ. ಅದೇ ವರ್ಷ ಜಾಬ್ಝೆ ಪಟ್ಟಣದ 'ಗ್ವಿದೊ' ಎಂಬ ಹಳೆಯ ಗಣಿಗೆ ಇಳಿದು, ನೆಲದಿಂದ 320 ಮೀಟರ್ ಆಳದಲ್ಲಿ ಇವರು ಇನ್ನೊಂದು ಕಿರುಮುದ್ರಿಕೆ ಮಾಡಿದರು. ಊರಿನ ಕತ್ತಲೆ ಯಾವುದೆಂದು ಅವರಿಗೆ ಗೊತ್ತಿತ್ತು. ಅದು ನಾರ್ವೆಯ ಕಾಡಲ್ಲ.

ಇದಕ್ಕೂ ಮುಂಚೆ, 2012ರಲ್ಲಿ, ಅವರು ಇನ್ನೊಂದು ಮುದ್ರಿಕೆಗೆ 'ಪೋಲೆಂಡಿನ ರಾಣಿ ಮಝಾನ್ನಳಿಗೆ' ಎಂದು ಹೆಸರಿಟ್ಟಿದ್ದರು. 'ಪೋಲೆಂಡಿನ ರಾಣಿ' ಎಂಬುದು ಕನ್ಯಾ ಮರಿಯಮ್ಮನ ಬಿರುದು. 1656ರಲ್ಲಿ ದೊರೆ ಯಾನ್ ಕಾಜಿಮಿರ್ ಪ್ರತಿಜ್ಞೆ ಮಾಡಿ ಅರ್ಪಿಸಿದ್ದು. ಮಝಾನ್ನಳಾದರೋ ಕ್ರೈಸ್ತಧರ್ಮಕ್ಕಿಂತ ಹಿಂದಿನ ಚಳಿಯ ಮತ್ತು ಸಾವಿನ ದೇವತೆ. ಹುಲ್ಲಿನ ಗೊಂಬೆಗೆ ಹೆಣ್ಣಿನ ಉಡುಗೆ ತೊಡಿಸಿ, ಮಣಿಸರ ಹಾಕಿ, ಮೆರವಣಿಗೆ ಮಾಡಿ, ಬೆಂಕಿಯಿಟ್ಟು ಹೊಳೆಗೆ ಎಸೆಯುತ್ತಾರೆ. ಮರಳುವಾಗ ಹಿಂದಿರುಗಿ ನೋಡಬಾರದು. 1420ರಲ್ಲಿ ಪೊಜ್ನಾನಿನ ಧರ್ಮಸಭೆ ಈ ಆಚರಣೆಯನ್ನು ನಿಷೇಧಿಸಿತು. ಆರು ಶತಮಾನ ಕಳೆದ ಮೇಲೂ ಶಾಲೆಯ ಮಕ್ಕಳು ವಸಂತದ ಮೊದಲ ದಿನ ಗೊಂಬೆ ಹಿಡಿದು ಹೊಳೆಗೆ ಹೋಗುತ್ತಾರೆ. ಊರಿನ ಮಾರಿಯನ್ನು ಗಡಿ ದಾಟಿಸುವುದನ್ನು ಬಲ್ಲವರಿಗೆ, ಆಟಿ ಕಳಂಜ ತೆಂಗಿನ ಸಿರಿ ತೊಟ್ಟು ಓಲೆಕೊಡೆ ಹಿಡಿದು ಮನೆಮನೆಗೆ ಬಂದು ರೋಗರುಜಿನ ಕಳೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಝಾನ್ನ ಎಂಬ ಹೆಸರನ್ನೂ ಸಂಸ್ಕೃತದ 'ಮೃತ್ಯು'ವನ್ನೂ ಒಂದೇ ಮೂಲಕ್ಕೆ ಒಯ್ಯುವ ವಿದ್ವಾಂಸರಿದ್ದಾರೆ. ನಮ್ಮ ಮಾರಿಯನ್ನೂ ಆ ದಾರದಲ್ಲಿ ಪೋಣಿಸುವ ಆತುರ ಮಾತ್ರ ಬೇಡ.

ಗಮನಿಸಿ: ಸೈತಾನ ಇಲ್ಲಿ ಹಿಂದೆ ಸರಿದಿದ್ದಾನೆ. ಅವನು ಕ್ರೈಸ್ತಪುರಾಣದ ಪಾತ್ರ. ಅವನನ್ನು ಹೊಗಳುವವನೂ ಅದೇ ಪುರಾಣದೊಳಗೆ ನಿಂತು ಹೊಗಳಬೇಕು. ತಾಯ್ನುಡಿಗೆ ಇಳಿದಾಗ ಅದಕ್ಕಿಂತ ಹಳೆಯವಳು ಎದುರಾದಳು.

ಈ ಮಾತು ತುಳುನಾಡಿಗೆ ಸಲ್ಲುವುದು ಹೇಗೆಂದರೆ, ಸೈತಾನನ ಹಣೆಪಟ್ಟಿಯನ್ನು ನಾವೂ ಹೊತ್ತವರು. ಮದ್ರಾಸ್ ಸಿವಿಲ್ ಸರ್ವಿಸಿನ ಎ. ಸಿ. ಬರ್ನೆಲ್ ತೀರಿಕೊಂಡದ್ದು 1882ರಲ್ಲಿ. ಅವರ ಹಸ್ತಪ್ರತಿಗಳಲ್ಲಿದ್ದ ಪಾಡ್ದನಗಳು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ 1894ರಿಂದ ಅಚ್ಚಾದವು. ಲೇಖನಮಾಲೆಯ ಶೀರ್ಷಿಕೆ ಏನು ಗೊತ್ತೇ? 'ತುಳುವರ ಪಿಶಾಚಾರಾಧನೆ'. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ 'ಪಾಡ್ದನೊಳು' ಹೆಸರಿನ ಮಟ್ಟಿಗೆ ಹೆಚ್ಚು ಸಭ್ಯ. ಸಂಗ್ರಹಕ್ಕಾಗಿ ಇಬ್ಬರಿಗೂ ನಾವು ಋಣಿಗಳೇ. ಆದರೆ ದೈವವನ್ನು 'ಡೆವಿಲ್' ಎಂದೊಡನೆ ಇಲ್ಲಿನ ಕತ್ತಲೆ ಯಾರದೋ ಕತೆಯ ಕತ್ತಲೆಯಾಗಿಬಿಡುತ್ತದೆ.

ಸುಮಾರು ಒಂದು ಶತಮಾನದ ನಂತರ ಬೆಳ್ತಂಗಡಿ ತಾಲೂಕಿಗೆ ಬೇರೆ ಬಗೆಯ ಯುರೋಪಿಯನ್ನರು ಬಂದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ 1990ರ ಡಿಸೆಂಬರಿನಲ್ಲಿ, ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ, ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ದಿನಗಟ್ಟಲೆ ನಡೆದ ಆ ಹಾಡಿಕೆ 15,683 ಸಾಲು. ಹೋಮರನ 'ಇಲಿಯಡ್' ಇದಕ್ಕಿಂತ ಹತ್ತೇ ಸಾಲು ಉದ್ದ. 1998ರಲ್ಲಿ ಹೆಲ್ಸಿಂಕಿಯಿಂದ ಎರಡು ಸಂಪುಟಗಳಲ್ಲಿ ಪ್ರಕಟವಾದಾಗ ಮುಖಪುಟದ ಮೇಲೆಯೇ ಹಾಡಿದವರ ಹೆಸರಿತ್ತು. ಹೊಂಕೊ ಅವರ ನಾಡಿನಲ್ಲೇ 'ಅಮಾರ್ಫಿಸ್' ಎಂಬ ಮೆಟಲ್ ತಂಡ 1994ರಲ್ಲಿ ತಮ್ಮ ಮಹಾಕಾವ್ಯ ಕಲೇವಲವನ್ನು ಹಾಡಾಗಿಸಿತು - ಇಂಗ್ಲಿಷಿನಲ್ಲಿ! ಹಾಡುಗಳು ಚೆನ್ನಾಗಿವೆ. ಆದರೂ ಸ್ವಂತ ಅಜ್ಜಿಯ ಕತೆಯನ್ನು ಅನುವಾದಕನ ಬಾಯಲ್ಲಿ ಕೇಳಿದಂತಿದೆ.

ನಮ್ಮ ಕಡೆ ಗಿಟಾರಿನ ಅಬ್ಬರ ದೈವದ ಅಂಗಳಕ್ಕೆ ಬಂದದ್ದು 2022ರ 'ಕಾಂತಾರ' ಚಿತ್ರದ 'ವರಾಹ ರೂಪಂ' ಹಾಡಿನಲ್ಲಿ. ಕೇರಳದ 'ತೈಕ್ಕುಡಂ ಬ್ರಿಡ್ಜ್' ತಂಡ ಅದು ತನ್ನ 'ನವರಸಂ'ನ ನಕಲೆಂದು ನ್ಯಾಯಾಲಯಕ್ಕೆ ಹೋದದ್ದನ್ನು ಎಲ್ಲರೂ ಬಲ್ಲರು. ನನಗೆ ಹೆಚ್ಚು ತಟ್ಟಿದ್ದು ಬೇರೆ: ಪಂಜುರ್ಲಿಯ ಸ್ತುತಿ ಸಂಸ್ಕೃತಭರಿತ ಕನ್ನಡದಲ್ಲಿತ್ತು. ತೆಂಬರೆ ಬಡಿಯುತ್ತ ಹೆಂಗಸರು ಪಾಡ್ದನ ಹೇಳುವ ತುಳು ಅಲ್ಲಿರಲಿಲ್ಲ.

ಹಾಗಾದರೆ ನಮ್ಮ ಹುಡುಗರು ತುಳುವಿನಲ್ಲಿ ಮೆಟಲ್ ಹಾಡಲಿ ಎನ್ನೋಣವೇ? ಹಾಡಲಿ, ತೊಂದರೆಯೇನು? ಆದರೆ ಮಝಾನ್ನಳಿಗೆ ಇಂದು ಹರಕೆ ಹೊರುವ ಮನೆಗಳಿಲ್ಲ, ಪಂಜುರ್ಲಿಗೆ ಇವೆ. ಪಾಡ್ದನವನ್ನು ಉಳಿಸಿಕೊಂಡು ಬಂದವರು ಪಂಬದ, ಪರವ, ನಲಿಕೆ ಸಮುದಾಯಗಳವರು. ರಾತ್ರಿ ಅಣಿ ಕಟ್ಟಿದಾಗ ಅವರೆದುರು ಊರು ಕೈಮುಗಿಯುತ್ತಿತ್ತು, ಬೆಳಗಾದ ಮೇಲೆ ಚಾವಡಿಯ ಹೊರಗೆ ನಿಲ್ಲಿಸುತ್ತಿತ್ತು. ಅವರನ್ನು ಕೇಳದೆ ಗಗ್ಗರದ ಸದ್ದನ್ನು ಎತ್ತಿಕೊಂಡು ವೇದಿಕೆ ಹತ್ತುವುದು ಭಾಷಾಪ್ರೇಮವೆನಿಸದು.

ಫೂರ್ಯಾ ವೇದಿಕೆ ಹತ್ತಿದ ಬಗೆ ನೋಡಿ. ವಿಸ್ಪ್ಯಾನ್‌ಸ್ಕಿ ಬರೆದ 'ವೆಸೆಲೆ', ಅಂದರೆ ಮದುವೆ, ಪೋಲೆಂಡಿನ ಪ್ರತಿ ಶಾಲಾಬಾಲಕನೂ ಬಲ್ಲ ನಾಟಕ. ಮೊದಲು ಆಡಿದ್ದು 1901ರಲ್ಲಿ. ಪೇಟೆಯ ಕವಿಯೊಬ್ಬ ಹಳ್ಳಿಯ ಹುಡುಗಿಯನ್ನು ಮದುವೆಯಾಗುವ ರಾತ್ರಿ, ಚಳಿಗೆ ಹುಲ್ಲು ಹೊದಿಸಿಟ್ಟ ಗುಲಾಬಿಗಿಡವೇ ಎದ್ದು ಬಂದು, ಅದರ ಹಿಂದೆ ಸತ್ತವರು ಒಬ್ಬೊಬ್ಬರಾಗಿ ಬಂದು ಅತಿಥಿಗಳನ್ನು ಮಾತನಾಡಿಸುತ್ತಾರೆ. ಕೊನೆಗೆ ಆ ಹುಲ್ಲುಮನುಷ್ಯ ಪಿಟೀಲು ನುಡಿಸುತ್ತಾನೆ, ಎಲ್ಲರೂ ಮಂಕುಹಿಡಿದವರಂತೆ ಸುತ್ತುತ್ತಾರೆ. 2017ರಲ್ಲಿ ಯಾನ್ ಕ್ಲಾತಾ ಕ್ರಾಕೂಫ್ ನಗರದ ಸ್ತಾರಿ ರಂಗಮಂದಿರದಲ್ಲಿ ಇದನ್ನು ಆಡಿಸಿದಾಗ ಫೂರ್ಯಾ ತಂಡ ರಂಗದ ಮೇಲೆಯೇ ನಿಂತು ನುಡಿಸಿತು.