ಹಳದಿ ಪಟ್ಟಿಯ ಮೇಲೊಂದು ಹೆಜ್ಜೆ

ಕಿರಿದಾದ ಹಲಗೆಯ ಮೇಲೆ ನಾಯಿಯೊಂದು ನಾಗಾಲೋಟದಲ್ಲಿ ಓಡಿ ಇಳಿಯುವಾಗ ಪ್ರೇಕ್ಷಕರು ಅದರ ವೇಗಕ್ಕೆ ಬೆರಗಾಗುತ್ತಾರೆ. ತೀರ್ಪುಗಾರರ ಕಣ್ಣು ಮಾತ್ರ ಹಲಗೆಯ ಕೆಳತುದಿಗೆ ಬಳಿದ ಬಣ್ಣದ ಮೇಲಿರುತ್ತದೆ. ಅಲ್ಲಿ ಒಂದು ಪಾದವನ್ನಾದರೂ ಊರದೆ ನೆಲಕ್ಕೆ ನೆಗೆದರೆ ದಂಡ ತಪ್ಪದು.

'ಅಜಿಲಿಟಿ' ಎಂಬ ಈ ಶ್ವಾನಕ್ರೀಡೆ ಹುಟ್ಟಿದ್ದು 1978ರಲ್ಲಿ, ಲಂಡನ್ನಿನಲ್ಲಿ ನಡೆದ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ. ಬಿಡುವಿನ ವೇಳೆ ಜನರನ್ನು ರಂಜಿಸಲು ಏನಾದರೊಂದು ಬೇಕಾಗಿತ್ತು. ಸಮಿತಿಯ ಸದಸ್ಯ ಜಾನ್ ವಾರ್ಲಿ ಮತ್ತು ತರಬೇತುದಾರ ಪೀಟರ್ ಮೀನ್‌ವೆಲ್ ಕುದುರೆಗಳ ಜಿಗಿತದ ಸ್ಪರ್ಧೆಯನ್ನೇ ನಾಯಿಗಳಿಗೆ ಹೊಂದಿಸಿದರು. 1980ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಇದಕ್ಕೆ ಮಾನ್ಯತೆ ನೀಡಿತು.

ಇಲ್ಲಿನ ಅಡೆತಡೆಗಳಲ್ಲಿ ಮೂರು ವಿಶಿಷ್ಟವಾದವು: ಮನೆಯ ಮಾಡಿನಂತೆ ಎರಡು ಕಡೆ ಇಳಿಜಾರಾದ 'ಎ ಫ್ರೇಮ್', ಮಕ್ಕಳ ಉದ್ಯಾನದಲ್ಲಿ ಕಾಣುವಂಥ ಸೀಸಾ, ಮತ್ತು ಏರು, ಸಮತಲ, ಇಳಿಜಾರು ಎಂದು ಮೂರು ಹಲಗೆಗಳನ್ನು ಜೋಡಿಸಿದ 'ಡಾಗ್ ವಾಕ್'. ಈ ಕೊನೆಯದು ನೆಲದಿಂದ ಸುಮಾರು 1.2 ಮೀಟರ್ ಎತ್ತರ. ಅಗಲವೋ ಒಂದು ಅಡಿಯಷ್ಟೇ. ಅಂತರರಾಷ್ಟ್ರೀಯ ನಿಯಮದಂತೆ ಇದರ ತುದಿಯ 90 ಸೆಂಟಿಮೀಟರ್ ಭಾಗಕ್ಕೆ ಬೇರೆ ಬಣ್ಣ, ಸಾಮಾನ್ಯವಾಗಿ ಹಳದಿ. ಮೇಲಿನಿಂದಲೇ ಧುಮುಕಿ ನಾಯಿ ಕೀಲು ನೋಯಿಸಿಕೊಳ್ಳಬಾರದೆಂಬುದು ನಿಯಮದ ಉದ್ದೇಶ.

ಹಳದಿ ಬಣ್ಣ ನಾಯಿಯ ಕಣ್ಣಿಗೆ ಕಾಣದ್ದೇನಲ್ಲ. ಆದರೆ ಅದನ್ನು ಮುಟ್ಟಲೇಬೇಕೆಂಬ ಕಾನೂನನ್ನು ಮೂಕಪ್ರಾಣಿಗೆ ತಿಳಿಸುವುದು ಹೇಗೆ? ಹಳೆಯ ಉಪಾಯ, ನಿಲ್ಲಿಸುವುದು. ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ ಇಟ್ಟು ಅಪ್ಪಣೆಗೆ ಕಾಯುವುದನ್ನು ನಾಯಿ ಬೇಗ ಕಲಿಯುತ್ತದೆ. ಸ್ಪಷ್ಟವಾದ ಪಾಠವೇನೋ ಹೌದು. ಆದರೆ ಗೆಲುವನ್ನು ಸೆಕೆಂಡಿನ ಭಾಗಗಳು ತೀರ್ಮಾನಿಸುವ ಆಟದಲ್ಲಿ ನಿಲುಗಡೆ ದುಬಾರಿ. ಜತೆಗೆ, ಇಳಿಜಾರಿನಲ್ಲಿ ಒಮ್ಮೆಲೇ ವೇಗ ತಡೆದಾಗ ಮೈಭಾರವೆಲ್ಲ ಮುಂಗಾಲು, ಹೆಗಲುಗಳ ಮೇಲೆ ಬೀಳುತ್ತದೆ.

ನಿಲ್ಲಿಸದೆ ಓಡಿಸುವ ಮಾರ್ಗವನ್ನು ಜನಪ್ರಿಯಗೊಳಿಸಿದವರಲ್ಲಿ ಸ್ಲೊವೇನಿಯಾದ ವಿಶ್ವ ಚಾಂಪಿಯನ್ ಸಿಲ್ವಿಯಾ ತ್ರ್ಕ್‌ಮಾನ್ ಪ್ರಮುಖರು. ಅವರ ಪದ್ಧತಿಯಲ್ಲಿ ಮೊದಲು ಹಲಗೆಯನ್ನು ನೆಲದ ಮೇಲೆಯೇ ಹಾಸಲಾಗುತ್ತದೆ. ನಾಯಿ ನೆಗೆಯದೆ ಅದರ ಮೇಲೆ ಓಡಿದರೆ ಬಹುಮಾನ. ನೆಗೆತಕ್ಕೂ ಓಟಕ್ಕೂ ವ್ಯತ್ಯಾಸ ಗುರುತಿಸಲು ಹಿಂಗಾಲುಗಳನ್ನು ನೋಡಬೇಕು: ನೆಗೆಯುವಾಗ ಅವೆರಡೂ ಜೋಡಿಯಾಗಿ ಊರುತ್ತವೆ, ಓಡುವಾಗ ಒಂದರ ಹಿಂದೊಂದು ಬೀಳುತ್ತವೆ. ನಂತರ ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಎತ್ತರ ಬದಲಾದಂತೆ ಹೆಜ್ಜೆಯ ಲೆಕ್ಕವೂ ಬದಲಾಗುತ್ತದೆ; ನಾಯಿ ಮತ್ತೆ ನೆಗೆಯತೊಡಗಿದರೆ ಹಲಗೆ ಕೆಳಗಿಳಿಯಬೇಕು. ಇದು ತಿಂಗಳುಗಟ್ಟಲೆಯ ಕೆಲಸ.

ಇಲ್ಲಿ ನಿಜವಾದ ಪರೀಕ್ಷೆ ಮನುಷ್ಯನದು ಎಂದರೆ ತಪ್ಪಾಗದು. ಪಾದ ಬಣ್ಣದ ಮೇಲೆ ಬಿತ್ತೋ ಇಲ್ಲವೋ ಎಂದು ಕ್ಷಣಮಾತ್ರದಲ್ಲಿ ತೀರ್ಮಾನಿಸಿ 'ಟಿಕ್' ಎನ್ನುವ ಪುಟ್ಟ ಸಾಧನವನ್ನು ಒತ್ತಬೇಕು. ಆ ಸದ್ದೆಂದರೆ ನಾಯಿಗೆ ತಿಂಡಿಯ ಭರವಸೆ. ತಪ್ಪಿದ ಹೆಜ್ಜೆಗೆ ಸದ್ದು ಬಂದರೆ ನಾಯಿ ಕಲಿಯುವುದು ತಪ್ಪನ್ನೇ. ಹೀಗಾಗಿ ಅನೇಕರು ಓಟವನ್ನು ವಿಡಿಯೋದಲ್ಲಿ ಹಿಡಿದು ನಿಧಾನಗತಿಯಲ್ಲಿ ನೋಡುತ್ತಾರೆ. ಹೆಜ್ಜೆಯ ಅಳತೆ ಹೊಂದಿಸಲು ಹಲಗೆಯ ಕೊನೆಯಲ್ಲಿ ಚೌಕಟ್ಟು ಇಡುವವರೂ ಇದ್ದಾರೆ. ಚೌಕಟ್ಟು ತೆಗೆದ ಮೇಲೂ ಅಭ್ಯಾಸ ಉಳಿಯುವಂತೆ ಮಾಡುವುದು ಅವರ ಪಾಡು. ನೇರ ಓಟ ಕಲಿತ ನಾಯಿಗೆ, ಇಳಿದೊಡನೆ ಎಡಕ್ಕೋ ಬಲಕ್ಕೋ ತಿರುಗುವುದು ಮತ್ತೊಂದು ಪಾಠ.

ಸೀಸಾದಲ್ಲಿ ಮಾತ್ರ ಈ ವಿದ್ಯೆ ಹೀಗೇ ನಡೆಯದು. ಹಲಗೆ ವಾಲಿ ನೆಲ ಮುಟ್ಟುವವರೆಗೆ ನಾಯಿ ಇಳಿಯುವಂತಿಲ್ಲ. ಓಡಿಬರುವ ನಾಯಿಗೆ ಸೀಸಾ ಮತ್ತು ಡಾಗ್ ವಾಕ್ ಎರಡೂ ಎದುರಿನಿಂದ ಒಂದೇ ಬಗೆಯ ಕಿರಿದಾದ ಏರುಹಲಗೆಗಳು. ಆದ್ದರಿಂದ ತರಬೇತುದಾರರು ಎರಡಕ್ಕೂ ಬೇರೆ ಬೇರೆ ಮಾತನ್ನು ಕಲಿಸಿ, ನಾಯಿ ಹಲಗೆ ಹತ್ತುವ ಮೊದಲೇ ಅದನ್ನು ಕೂಗಿ ಹೇಳುತ್ತಾರೆ.